ಶಿಖರದ ಗಾಳಿ, ನಿಮ್ಮ ಡೇಟಾ: ಗೆಲ್ಲಲು 8 ಸೂತ್ರಗಳು

ನೈನಿತಾಲ್ ಬಳಿಯ ಮನೋರಾ ಪೀಕ್. ಎತ್ತರ ಸುಮಾರು 1950 ಮೀಟರ್. ಗಂಗಾ ಬಯಲಿನಿಂದ ಏಳುವ ಏರೋಸಾಲ್, ಅಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಅಳೆಯಲು ಹೇಳಿ ಮಾಡಿಸಿದ ಜಾಗ. 2011-12ರಲ್ಲಿ ಅಮೆರಿಕದ ಇಂಧನ ಇಲಾಖೆ, ಬೆಂಗಳೂರಿನ ಐಐಎಸ್‌ಸಿ ಮತ್ತು ಇಸ್ರೋ ಸೇರಿ ಗಂಗಾ ಕಣಿವೆಯ ಏರೋಸಾಲ್ ಪ್ರಯೋಗ ನಡೆಸಿದ್ದು ಇಲ್ಲೇ. ಇಂಥ ಶಿಖರದ ಡೇಟಾ ನಿಮ್ಮ ಕೈಗೂ ಬಂದಿದೆಯೇ? "ನನಗೆ ಸ್ಟ್ಯಾಟಿಸ್ಟಿಕ್ಸ್ ಬರಲ್ಲ" ಅನ್ನುವುದು ಬರೀ ಅಭ್ಯಾಸ. ಇವತ್ತೇ ಬಿಡಿ. ಕೆಲಸ ಶುರು ಮಾಡಿ.

1. ಮೊದಲು ಬೆಟ್ಟವನ್ನು ಓದಿ.
ಹಗಲು ಕಣಿವೆಯ ಗಾಳಿ ಇಳಿಜಾರಿನಗುಂಟ ಮೇಲೇರುತ್ತದೆ. ರಾತ್ರಿ ಮೇಲಿನ ಗಾಳಿ ಕೆಳಗಿಳಿಯುತ್ತದೆ. ಹಗಲು ಮತ್ತು ರಾತ್ರಿಯ ಸ್ಯಾಂಪಲ್ ಬೇರೆಬೇರೆ ಇಡಿ. ಎರಡನ್ನೂ ಕಲಸಿದರೆ ಸಿಗುವ ಸರಾಸರಿ ಯಾವ ಗಾಳಿಯದ್ದೂ ಆಗಿರುವುದಿಲ್ಲ.

2. ಋತುಗಳ ಗಡಿ ಮೊದಲೇ ಗೊತ್ತುಮಾಡಿ.
ಜನವರಿ-ಫೆಬ್ರವರಿ ಚಳಿಗಾಲ. ಮಾರ್ಚ್-ಮೇ ಮುಂಗಾರು ಪೂರ್ವ. ಜೂನ್-ಸೆಪ್ಟೆಂಬರ್ ಮುಂಗಾರು. ಅಕ್ಟೋಬರ್-ಡಿಸೆಂಬರ್ ಹಿಂಗಾರು. ಹವಾಮಾನ ಇಲಾಖೆಯ ಈ ವಿಂಗಡಣೆ ಹಿಡಿಯಿರಿ. ರಿಸಲ್ಟ್ ನೋಡಿ ಗಡಿ ಸರಿಸಿದರೆ ನಿಮಗೆ ಬೇಕಾದ ಉತ್ತರ ಬರುತ್ತದೆ, ನಿಜ ಉತ್ತರ ತಪ್ಪಿಹೋಗುತ್ತದೆ.

3. ಲೆಕ್ಕ ತಾಳೆ ನೋಡಿ.
ಬ್ಲ್ಯಾಂಕ್, ಅಂದರೆ ಗಾಳಿ ಹಾಯಿಸದ ಫಿಲ್ಟರ್‌ನ ಮೌಲ್ಯ ಕಳೆಯಿರಿ. ಪ್ರತಿ ಅಯಾನ್ ಅನ್ನು ಅದರ ಈಕ್ವಿವಲೆಂಟ್ ತೂಕದಿಂದ, ಅಂದರೆ ಸಲ್ಫೇಟನ್ನು 48ರಿಂದ, ನೈಟ್ರೇಟನ್ನು 62ರಿಂದ, ಅಮೋನಿಯಂ ಅನ್ನು 18ರಿಂದ, ಕ್ಯಾಲ್ಸಿಯಂ ಅನ್ನು 20ರಿಂದ ಭಾಗಿಸಿ. ಉಳಿದ ಅಯಾನ್‌ಗಳನ್ನೂ ಹೀಗೇ ಸೇರಿಸಿ, ಧನ ಮತ್ತು ಋಣ ಅಯಾನ್‌ಗಳ ಮೊತ್ತ ಹೋಲಿಸಿ. ಧೂಳಿನ ದಿನ ಧನ ಪಾಲು ಹೆಚ್ಚಿದ್ದರೆ ಸ್ಯಾಂಪಲ್ ಎಸೆಯಬೇಡಿ. ಧೂಳಿನ ಕಾರ್ಬೊನೇಟ್ ಸಾಮಾನ್ಯ ಅಯಾನ್ ಅಳತೆಗೆ ಸಿಗುವುದಿಲ್ಲ. ಆ ಕೊರತೆಯೇ ಒಂದು ಸುಳಿವು.

4. ಸರಾಸರಿಯನ್ನೇ ನಂಬಿ ಕೂರಬೇಡಿ.
ಮೀಡಿಯನ್ ತೆಗೆಯಿರಿ. ಲಾಗ್ ಸ್ಕೇಲ್‌ನಲ್ಲಿ ನೋಡಿ. ಒಂದೇ ಒಂದು ಧೂಳುಬಿರುಗಾಳಿ ಇಡೀ ಋತುವಿನ ಸರಾಸರಿಯನ್ನು ಮೇಲೆತ್ತಿಬಿಡಬಲ್ಲದು.

5. ಡೇಟಾಗೆ ಒಪ್ಪುವ ಟೆಸ್ಟ್ ಆರಿಸಿ.
ಒಂದು ಬದಿಗೆ ವಾಲಿದ ಡೇಟಾದಲ್ಲಿ ಋತುಗಳನ್ನು ಹೋಲಿಸಲು ಕ್ರಸ್ಕಲ್-ವಾಲಿಸ್ ಟೆಸ್ಟ್ ಬಳಸಿ. ಯಾವ ಋತು ಯಾವುದಕ್ಕಿಂತ ಬೇರೆ ಎಂದು ತಿಳಿಯಲು ಜೋಡಿ ಜೋಡಿಯಾಗಿ ಹೋಲಿಸಿ. ಆಟೋಕೋರಿಲೇಶನ್ ಪರೀಕ್ಷಿಸಿ. ನಿನ್ನೆಯ ಗಾಳಿ ಇವತ್ತೂ ಉಳಿದಿರುತ್ತದೆ; 30 ದಿನದ ಸ್ಯಾಂಪಲ್ 30 ಸ್ವತಂತ್ರ ಸಾಕ್ಷಿಗಳಿಗೆ ಸಮವಲ್ಲ. ಇದನ್ನು ಮರೆತರೆ ಪಿ-ವ್ಯಾಲ್ಯೂ ಸುಳ್ಳು ಧೈರ್ಯ ಕೊಡುತ್ತದೆ.

6. ಮೂಲ ಪತ್ತೆಹಚ್ಚಿ.
ಕ್ಯಾಲ್ಸಿಯಂ ಏರಿದರೆ ಧೂಳನ್ನು ಹುಡುಕಿ. ಪೊಟ್ಯಾಸಿಯಂ ಏರಿದರೆ ಕೂಳೆ, ಕಾಡು, ಸೌದೆಯ ಹೊಗೆಯನ್ನು ಶಂಕಿಸಿ. ಸ್ಯಾಂಪಲ್ ಸಾಕಷ್ಟಿದ್ದರೆ, ಪಾಟೆರೊ ಮತ್ತು ಟ್ಯಾಪರ್ 1994ರಲ್ಲಿ ಮಂಡಿಸಿದ ಪಿಎಂಎಫ್ (ಪಾಸಿಟಿವ್ ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಶನ್) ವಿಧಾನ ಕಲಿಯಿರಿ. ಅದು ಮೂಲಗಳ ಪಾಲನ್ನು ನೆಗೆಟಿವ್ ಆಗಲು ಬಿಡುವುದಿಲ್ಲ. ಹೊಗೆಯ ಪಾಲು ಸೊನ್ನೆಗಿಂತ ಕಡಿಮೆ ಇರಲಾರದಷ್ಟೇ! ಹೈಸ್ಪ್ಲಿಟ್ ಮಾಡೆಲ್‌ನಿಂದ ಗಾಳಿ ಬಂದ ದಾರಿ ಎಳೆದು ತಾಳೆ ನೋಡಿ.

7. "ಏಕೆ" ಎಂದು ಕೇಳಿ.
ಚಳಿಗಾಲದಲ್ಲಿ ಬಯಲು ಹೊಗೆಮಂಜಿನಲ್ಲಿ ಮುಳುಗಿರುತ್ತದೆ, ಶಿಖರ ಮಾತ್ರ ಹೆಚ್ಚಾಗಿ ಸ್ವಚ್ಛ. ಆಗ ನೆಲದ ಗಾಳಿ ಬೆರೆಯುವ ಪದರ ತೆಳ್ಳಗಿದ್ದು ಶಿಖರದ ಕೆಳಗೇ ಉಳಿಯುತ್ತದೆ. ಮಾರ್ಚ್-ಮೇ ಬಿಸಿಲಿಗೆ ಆ ಪದರ ಉಬ್ಬಿ ಬಯಲಿನ ಮಾಲಿನ್ಯವನ್ನು ಮೇಲೆ ತರುತ್ತದೆ. ಥಾರ್ ಕಡೆಯ ಧೂಳೂ ಸೇರುತ್ತದೆ. ಮುಂಗಾರು ಬಂದು ತೊಳೆಯುತ್ತದೆ. ಆದ್ದರಿಂದ ಶಿಖರದಲ್ಲಿ ಅಂಕಿ ಏರಿದ ಮಾತ್ರಕ್ಕೆ ಕೆಳಗೆ ಹೊಗೆ ಹೆಚ್ಚಾಯಿತು ಎನ್ನಬೇಡಿ. ಪದರದ ಎತ್ತರವನ್ನು ಪಕ್ಕದಲ್ಲಿಟ್ಟೇ ಮಾತನಾಡಿ.

8. ಒಂದು ವರ್ಷವನ್ನು ಟ್ರೆಂಡ್ ಎನ್ನಬೇಡಿ.
ಹಲವು ವರ್ಷಗಳ ಡೇಟಾ ಕೂಡಿಸಿ. ಸೀಸನಲ್ ಕೆಂಡಾಲ್ ಟೆಸ್ಟ್ ಹಾಕಿ. ಅದು ಜನವರಿಯನ್ನು ಜನವರಿಯೊಂದಿಗೆ, ಮೇಯನ್ನು ಮೇಯೊಂದಿಗೆ ಮಾತ್ರ ಹೋಲಿಸುತ್ತದೆ. ಋತುವಿನ ಏರಿಳಿತ ಟ್ರೆಂಡ್‌ನ ವೇಷ ಹಾಕಿ ಬರುವುದು ಆಗ ತಪ್ಪುತ್ತದೆ.

ಇವತ್ತಿನ ಟಾಸ್ಕ್ ಒಂದೇ. ಕ್ಯಾಲ್ಸಿಯಂ ಕಾಲಂ ತೆರೆಯಿರಿ. ತಿಂಗಳಿಗೊಂದರಂತೆ 12 ಬಾಕ್ಸ್‌ಪ್ಲಾಟ್ ಎಳೆಯಿರಿ. ಧೂಳು ಯಾವಾಗ ಬೆಟ್ಟ ಹತ್ತಿತು, ಮಳೆ ಯಾವಾಗ ಅದನ್ನು ಇಳಿಸಿತು ಎಂದು ನಿಮ್ಮ ಕಣ್ಣಾರೆ ನೋಡಿ. ಥೀಸಿಸ್‌ನ ಮೊದಲ ಚಿತ್ರ ಮಲಗುವ ಮುನ್ನವೇ ಸಿದ್ಧವಾಗಲಿ.