ಮುಟ್ಟು ನಿಂತ ಮೇಲೆ ಉರಿ, ನೋವು: ಗಂಡನಿಗೆ ಹೇಳುವುದು ಹೇಗೆ?

ಪ್ರಶ್ನೆ: ನನಗೆ 49 ವರ್ಷ, ಯಜಮಾನರಿಗೆ 54. ಮುಟ್ಟು ನಿಂತು ಎರಡು ವರ್ಷವಾಯಿತು. ಈಗ ಸೇರಿದಾಗಲೆಲ್ಲ ಉರಿ, ನೋವು. ಹೇಳಲು ಸಂಕೋಚವಾಗಿ, ರಾತ್ರಿ ಬೇಕೆಂದೇ ಅಡುಗೆಮನೆಯಲ್ಲಿ ಕೆಲಸ ಹಚ್ಚಿಕೊಂಡು ಅವರು ನಿದ್ದೆ ಹೋದ ಮೇಲೆ ಮಲಗುತ್ತೇನೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಒಂದೆರಡು ಸಲ ಅರ್ಧದಲ್ಲೇ ಬಿಗಿ ಹೋಯಿತು. ಆಮೇಲೆ ಅವರೂ ಹತ್ತಿರ ಬರುತ್ತಿಲ್ಲ. ಈ ವಯಸ್ಸಿನಲ್ಲಿ ಇದನ್ನೆಲ್ಲ ಕೇಳುವುದು ತಪ್ಪೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ತಪ್ಪಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಇಳಿದು ಯೋನಿಯ ಒಳಪದರ ತೆಳುವಾಗುತ್ತದೆ, ತೇವ ಕಡಿಮೆಯಾಗುತ್ತದೆ. ಇದು ತಾನಾಗಿ ವಾಸಿಯಾಗುವುದು ಅಪರೂಪ. ಔಷಧಿ ಅಂಗಡಿಯಲ್ಲಿ ನೀರಿನಂಶದ ಲೂಬ್ರಿಕೆಂಟ್ ಜೆಲ್ ಸಿಗುತ್ತದೆ. ಸೇರುವ ಮುನ್ನ ಇಬ್ಬರೂ ಹಚ್ಚಿಕೊಳ್ಳಿ. ಅದು ಸಾಲದಿದ್ದರೆ ಸ್ತ್ರೀರೋಗ ತಜ್ಞರು ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಬರೆದುಕೊಡುತ್ತಾರೆ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು. ಇನ್ನು, ಮುಟ್ಟು ನಿಂತ ಮೇಲೆ ಒಂದೇ ಹನಿ ರಕ್ತ ಕಂಡರೂ ತಪಾಸಣೆ ಮಾಡಿಸಲೇಬೇಕು.

ಹಲ್ಲು ಕಚ್ಚಿ ಸಹಿಸಿಕೊಳ್ಳುವುದು ಹೆಂಡತಿಯ ಕರ್ತವ್ಯ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನೋವಾಗುತ್ತದೆಂಬ ಭಯಕ್ಕೇ ಯೋನಿಯ ಸುತ್ತಲ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ನೋವು ಇನ್ನಷ್ಟು ಹೆಚ್ಚುತ್ತದೆ.

ಯಜಮಾನರ ತೊಂದರೆಗೆ ನೀವು ಕಾರಣರಲ್ಲ. ಸಕ್ಕರೆ ಕಾಯಿಲೆ ನರಗಳನ್ನೂ ರಕ್ತನಾಳಗಳನ್ನೂ ಕೆಡಿಸುವುದರಿಂದ ನಿಮಿರುವಿಕೆ ಕುಂದುತ್ತದೆ. ಇದು ಕೆಲವೊಮ್ಮೆ ಹೃದ್ರೋಗದ ಮುನ್ಸೂಚನೆಯೂ ಹೌದು. ಆದ್ದರಿಂದ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸಿ. ಸ್ನೇಹಿತರು ಹೇಳಿದರೆಂದು ಸಿಲ್ಡೆನಾಫಿಲ್ ಮಾತ್ರೆ ನುಂಗುವುದು ಬೇಡ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಅದರಿಂದ ಬಿಪಿ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ನೀವು ನೋವಿಗೆ ಹೆದರಿ ದೂರ ಉಳಿದಿದ್ದೀರಿ. ಅವರು, ತನ್ನ ಕೈಲಾಗದ್ದಕ್ಕೆ ಇವಳಿಗೆ ಬೇಸರವಾಗಿದೆ ಎಂದುಕೊಂಡಿರಬಹುದು. ನನ್ನ ಬಳಿ ಬರುವ ಎಷ್ಟೋ ದಂಪತಿಗಳಲ್ಲಿ ಇಬ್ಬರೂ ಒಳಗೊಳಗೇ ತಮ್ಮನ್ನೇ ದೂರಿಕೊಂಡಿರುತ್ತಾರೆ. ಈ ಮಾತನ್ನು ಹಾಸಿಗೆಯಲ್ಲಿ ತೆಗೆಯಬೇಡಿ. ಸಂಜೆ ವಾಕಿಂಗ್ ಹೋದಾಗ, ಮಕ್ಕಳು ಹತ್ತಿರವಿಲ್ಲದಾಗ ಹೇಳಿ: “ಆಗ ನಂಗೆ ತುಂಬಾ ಉರಿಯುತ್ತೆ ರೀ, ಅದಕ್ಕೇ ದೂರ ಇದ್ದೆ. ನೀವು ಬೇಡ ಅಂತಲ್ಲ.” ಸದ್ಯಕ್ಕೆ ಇಷ್ಟು ಸಾಕು. ಅವರು ತಕ್ಷಣ ಉತ್ತರ ಕೊಡದಿದ್ದರೆ ಒತ್ತಾಯಿಸಬೇಡಿ.

ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ ಒಂದು ವಿಧಾನವನ್ನು ನಾವು ಈಗಲೂ ಹೇಳಿಕೊಡುತ್ತೇವೆ. ಕೆಲವು ವಾರ ಮಿಲನ ಬೇಡವೆಂದು ಇಬ್ಬರೂ ಒಪ್ಪಿಕೊಳ್ಳಿ. ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಸರದಿಯಂತೆ ಒಬ್ಬರು ಇನ್ನೊಬ್ಬರ ಬೆನ್ನು, ಭುಜ, ಪಾದ ನೇವರಿಸಿ. ಮೊದಮೊದಲು ಸ್ತನ, ಜನನಾಂಗ ಮುಟ್ಟುವಂತಿಲ್ಲ. ಯಾವುದು ಹಿತ, ಯಾವುದು ಬೇಡ ಎಂಬುದನ್ನು ಬಾಯಿಬಿಟ್ಟು ಹೇಳಿ. ನಾಚಿಕೆಯಾದರೆ ಅವರ ಕೈ ಹಿಡಿದು ತೋರಿಸಿ. ಮುಂದೇನಾಗುತ್ತದೋ ಎಂಬ ದಿಗಿಲು ಇಬ್ಬರಿಗೂ ಇರುವುದಿಲ್ಲ. ನಿಮ್ಮ ಉರಿ ತಗ್ಗಿದ ಮೇಲೆ, ಇಬ್ಬರಿಗೂ ಮನಸ್ಸಾದಾಗ ಮುಂದಿನ ಹೆಜ್ಜೆ.

ಯಜಮಾನರು ಆಸ್ಪತ್ರೆಗೆ ಬರಲು ಹಿಂಜರಿದರೆ ಅವರಿಗಾಗಿ ಕಾಯಬೇಡಿ. ಮೊದಲು ನೀವೊಬ್ಬರೇ ಸ್ತ್ರೀರೋಗ ತಜ್ಞರನ್ನು ಕಾಣಿ. ಸಕ್ಕರೆ ಪರೀಕ್ಷೆಗೆಂದು ಅವರು ಹೋಗುವ ದಿನ ನೀವೂ ಜೊತೆಗೆ ಹೋಗಿ, ಈ ವಿಷಯವನ್ನು ಆ ವೈದ್ಯರ ಮುಂದೆ ಇಡಬಹುದೇ ಎಂದು ಯಜಮಾನರನ್ನು ಮೊದಲೇ ಕೇಳಿಕೊಳ್ಳಿ.