ಲಿಥಾಪ್ಸ್: ಸುಕ್ಕಾಯ್ತು ಅಂತ ನೀರು ಹಾಕುವ ಮೊದಲು ಬಿರುಕು ನೋಡಿ

ಗಿಡ ಬಾಡಿದರೆ ನೀರು ಹಾಕು. ಶಿರಾ ಸೀಮೆಯ ನಮ್ಮ ಮನೆಯಲ್ಲಿ ಇದೇ ಮೊದಲ ಪಾಠ. ನಾಲ್ಕು ವರ್ಷದ ಹಿಂದೆ ಇದೇ ಪಾಠ ನನ್ನ 49 ಗಿಡಗಳನ್ನು ಕೊಂದಿತು.

ತರಕಾರಿ ಸಸಿಗಳ ಜೊತೆ ಪುಟ್ಟ ಕುಂಡದ ಗಿಡಗಳನ್ನೂ ಮಾರೋಣ ಅಂತ 60 ಲಿಥಾಪ್ಸ್ ತರಿಸಿದ್ದೆ, ಒಂದಕ್ಕೆ 80 ರೂಪಾಯಿ. ಜನವರಿಯಲ್ಲಿ ಎಲ್ಲವೂ ಸುಕ್ಕಾಗತೊಡಗಿದವು. ಬಾಯಾರಿಕೆ ಅಂದುಕೊಂಡು ದಿನ ಬಿಟ್ಟು ದಿನ ನೀರು ಹಾಕಿದೆ, ಸಾಲದು ಅಂತ ಜೀವಾಮೃತವನ್ನೂ ಕೊಟ್ಟೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಉಳಿದದ್ದು 11. ಕೊಳೆತು ಹೋದದ್ದು 3,920 ರೂಪಾಯಿ. ತೋಟಗಾರಿಕೆ ಪದವಿ ಓದಿದವರಿಗೇ ಹೀಗಾದರೆ ಹೇಗೆ ಅಂತ ನೀವು ಕೇಳಬಹುದು. ಓದಿದ್ದು ನಿಜ, ಆ ಗಿಡವನ್ನು ಮಾತ್ರ ಓದಿರಲಿಲ್ಲ.

ಎಲ್ಲಿಯ ಗಿಡ?

ಲಿಥಾಪ್ಸ್‌ನ ತವರು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣ ನೆಲ. ಮಳೆ ಕಡಿಮೆ, ಬಿಸಿಲು ಜೋರು, ನೆಲದ ತುಂಬ ಕಲ್ಲು. 1811ರಲ್ಲಿ ಇಂಗ್ಲೆಂಡಿನ ವಿಲಿಯಂ ಬರ್ಚೆಲ್ ಅಲ್ಲಿ ಓಡಾಡುವಾಗ ವಿಚಿತ್ರ ಆಕಾರದ ಬೆಣಚುಕಲ್ಲು ಅಂತ ಎತ್ತಿಕೊಂಡದ್ದು ಗಿಡವಾಗಿತ್ತು! ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿಗೆ ಕಲ್ಲಿನ ಮುಖದ್ದು ಅಂತಲೇ ಅರ್ಥ. ಮೇಯುವ ಪ್ರಾಣಿಗಳ ಕಣ್ಣು ತಪ್ಪಿಸಲು ಈ ವೇಷ.

ಎರಡೇ ಎಲೆ, ಮೇಲೊಂದು ಕಿಟಕಿ

ನೋಡಲು ಕಾಂಡವೇ ಇಲ್ಲ. ದಪ್ಪನೆಯ ಎರಡು ಎಲೆಗಳು ಬುಡದಲ್ಲಿ ಕೂಡಿಕೊಂಡು, ತಲೆಕೆಳಗಾದ ಶಂಕುವಿನಂತೆ ಇರುತ್ತವೆ. ತವರಿನಲ್ಲಿ ಇದರ ಬಹುಪಾಲು ದೇಹ ಮಣ್ಣಿನೊಳಗೇ ಇದ್ದು, ಎಲೆಯ ನೆತ್ತಿ ಮಾತ್ರ ಹೊರಗೆ ಕಾಣುತ್ತದೆ. ಆ ನೆತ್ತಿಯಲ್ಲಿ ಬೆಳಕು ಹಾಯುವ ಕಿಟಕಿಯಂಥ ಭಾಗಗಳಿವೆ. ಅಲ್ಲಿಂದ ಇಳಿದ ಬೆಳಕು ನೀರು ತುಂಬಿದ ತಿಳಿ ಅಂಗಾಂಶದ ಮೂಲಕ ಹರಡಿ, ಒಳಗೋಡೆಯ ಹಸಿರು ಕೋಶಗಳನ್ನು ತಲುಪುತ್ತದೆ. ಅಂದರೆ ಅಡುಗೆ ನಡೆಯುವುದು ನೆಲಮಾಳಿಗೆಯಲ್ಲಿ!

ರಾತ್ರಿ ಬಾಗಿಲು ತೆರೆಯುವ ಗಿಡ

ಹೆಚ್ಚಿನ ಬೆಳೆಗಳು ಹಗಲಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ಳುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಲಿಥಾಪ್ಸ್ ಈ ಬಾಗಿಲನ್ನು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಹಗಲಲ್ಲಿ ಬಾಗಿಲು ಮುಚ್ಚಿಕೊಂಡು, ಆ ದಾಸ್ತಾನಿನಿಂದಲೇ ಸಕ್ಕರೆ ಮಾಡಿಕೊಳ್ಳುತ್ತದೆ. ಇದಕ್ಕೆ ಕ್ಯಾಮ್ ವಿಧಾನ ಅಂತಾರೆ. ನಮ್ಮ ಅನಾನಸ್, ಡ್ರ್ಯಾಗನ್ ಫ್ರೂಟ್ ಕೂಡ ಇದೇ ಗುಂಪಿನವು. ಗೋಣಿ ಸೊಪ್ಪು ಸಹ ಬರ ಬಿದ್ದಾಗ ಈ ದಾರಿ ಹಿಡಿಯುತ್ತದೆ.

ಇದರ ಸುಳಿವು ಕೊಟ್ಟವರಲ್ಲಿ ಒಬ್ಬರು ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೈನೆ. ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಅವರು ಬರೆದದ್ದು 1815ರಲ್ಲಿ ಅಚ್ಚಾಯಿತು. ರಾತ್ರಿ ಕೂಡಿದ ಆಮ್ಲ ಹಗಲಲ್ಲಿ ಖರ್ಚಾಗುವುದೇ ಅದಕ್ಕೆ ಕಾರಣ. (ನೀವು ತಿಂದು ನೋಡಲು ಹೋಗಬೇಡಿ, ಆ ಗಿಡದಲ್ಲಿ ದನಕರುಗಳಿಗೆ ವಿಷವಾಗುವ ಅಂಶವಿದೆ.)

ನೀರು ಉಳಿಯಿತು ಸರಿ, ಆದರೆ ಬೆಳವಣಿಗೆ ನಿಧಾನ. ಬೀಜದಿಂದ ಹೂವಿಗೆ ಸುಮಾರು ಮೂರು ವರ್ಷ ಬೇಕು. ಇಂಥ ಗಿಡಕ್ಕೆ ಜೀವಾಮೃತ ಕೊಟ್ಟು ಅವಸರ ಮಾಡಿದ್ದು ನನ್ನ ಒಂದು ತಪ್ಪು.

ಹಳೇ ಎಲೆಯೇ ಹೊಸ ಎಲೆಗೆ ಊಟ

ದೊಡ್ಡ ತಪ್ಪು ಇಲ್ಲಿದೆ. ಹೂ ಮುಗಿದ ಮೇಲೆ, ಚಳಿಗಾಲದಲ್ಲಿ, ಎರಡು ಎಲೆಗಳ ನಡುವೆ ಹೊಸ ಜೋಡಿ ಹುಟ್ಟುತ್ತದೆ. ಅದು ಹಳೇ ಜೋಡಿಯ ನೀರು, ಪೋಷಕಾಂಶ ಎಲ್ಲವನ್ನೂ ಹೀರಿಕೊಂಡು ದೊಡ್ಡದಾಗುತ್ತದೆ. ಹಳೇ ಎಲೆ ಸುಕ್ಕಾಗಿ, ಕೊನೆಗೆ ಈರುಳ್ಳಿ ಸಿಪ್ಪೆಯಂತೆ ಒಣಗುತ್ತದೆ. ನಾನು ಕಂಡ ಸುಕ್ಕು ಇದೇ!

ಆಗ ನೀರು ಹಾಕಿದರೆ ಹಳೇ ಎಲೆ ಮತ್ತೆ ಉಬ್ಬುತ್ತದೆ, ಒಣಗುವುದೇ ಇಲ್ಲ. ಹೊಸ ಜೋಡಿ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವು ಸೀಳುತ್ತವೆ, ಕೆಲವು ಕೊಳೆಯುತ್ತವೆ. ಬಾಣಂತಿಯ ಆರೈಕೆ ಮಾಡುತ್ತಿದ್ದೇನೆ ಅಂದುಕೊಂಡು ಮಗುವಿನ ಉಸಿರು ಕಟ್ಟಿಸಿದ್ದೆ.

ಬಾಯಾರಿಕೆಯೋ, ಎಲೆ ಬದಲೋ?

ಮೊಬೈಲ್ ಟಾರ್ಚ್ ಹಾಕಿ ನಡುವಿನ ಬಿರುಕಿನೊಳಗೆ ನೋಡಿ.

- ಒಳಗೆ ಹೊಸ ಎಲೆಯ ನೆತ್ತಿ ಕಂಡರೆ ನೀರು ಬೇಡ. ಹಳೇ ಎಲೆ ಪೂರ್ತಿ ಒಣಗುವವರೆಗೆ ಕಾಯಿರಿ.
- ಹೊಸ ಎಲೆ ಇಲ್ಲ, ಪಕ್ಕಗಳು ಸುಕ್ಕಾಗಿ ಗಿಡ ಕುಗ್ಗಿದೆ, ಮಣ್ಣೂ ಪೂರ್ತಿ ಒಣಗಿದೆ ಅಂದರೆ ಬಾಯಾರಿಕೆ. ಒಮ್ಮೆ ಚೆನ್ನಾಗಿ ನೀರು ಕೊಡಿ.
- ಬುಡ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಕೊಳೆ. ಅದನ್ನು ಬೇರೆ ಇಡಿ.

ನಾನು ಈಗ ಮಾಡುವ ಕ್ರಮ

ನಾಲ್ಕು ಪಾಲು ಇಟ್ಟಿಗೆ ಚೂರು ಮತ್ತು ತೊಳೆದ ದಪ್ಪ ಮರಳು, ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು. ಬೇರು ಆಳಕ್ಕೆ ಇಳಿಯುವುದರಿಂದ ಕುಂಡ ಕನಿಷ್ಠ 10 ಸೆಂ.ಮೀ. ಆಳವಿರಲಿ, ತಳದಲ್ಲಿ ತೂತು ಬೇಕೇ ಬೇಕು. ಮಳೆಗಾಲದಲ್ಲಿ ಮೇಲೆ ಪ್ಲಾಸ್ಟಿಕ್ ಹೊದಿಕೆ, ಸುತ್ತ ಗಾಳಿಯಾಡುವಂತೆ ತೆರೆದ ಬದಿ. ಬೇಸಿಗೆಯ ಮಧ್ಯಾಹ್ನ ನೆರಳುಪರದೆ. ನೀರು ಹಾಕಲು ತಾರೀಖು ಇಟ್ಟುಕೊಂಡಿಲ್ಲ, ಮಣ್ಣು ಮತ್ತು ಬಿರುಕು ನೋಡಿಯೇ ಹಾಕುವುದು.

ಬೀಜದಿಂದಲೇ ಬೆಳೆಸಿ

ಹೂವಿಗೆ ಸಾಮಾನ್ಯವಾಗಿ ಬೇರೊಂದು ಗಿಡದ ಪರಾಗ ಬೇಕು. ಒಂದೇ ಗಿಡ ಇಟ್ಟುಕೊಂಡರೆ ಬೀಜ ಸಿಗುವುದು ಕಷ್ಟ. ಇದರ ಒಣ ಕಾಯಿ ನೀರು ತಾಗಿದರೆ ತೆರೆದುಕೊಳ್ಳುತ್ತದೆ, ಒಣಗಿದರೆ ಮುಚ್ಚಿಕೊಳ್ಳುತ್ತದೆ. ತವರಿನಲ್ಲಿ ಮಳೆಹನಿ ಬಿದ್ದಾಗಲೇ ಬೀಜ ಸಿಡಿಯಬೇಕಲ್ಲ, ಅದಕ್ಕೆ ಈ ಏರ್ಪಾಡು.

ಕೊಳ್ಳುವಾಗ ನರ್ಸರಿಯಲ್ಲಿ ಬೀಜದಿಂದ ಬೆಳೆದದ್ದೇ ಅಂತ ಖಚಿತಪಡಿಸಿಕೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ ಇಂಥ ಪುಟ್ಟ ಗಿಡಗಳನ್ನು ಕಾಡುನೆಲದಿಂದ ಕಿತ್ತು ಕಳ್ಳಸಾಗಣೆ ಮಾಡುವ ದಂಧೆ ದೊಡ್ಡದಾಗಿದೆ.

ಉಳಿದ 11ರಲ್ಲಿ ಎರಡು ಗಿಡ ಒಂದೇ ವಾರ ಹೂ ಬಿಟ್ಟಾಗ ಕುಂಚದಿಂದ ಪರಾಗ ಮುಟ್ಟಿಸಿದ್ದೆ. ಆ ಬೀಜದ ಸಸಿಗಳಿಗೆ ಈಗ ಎರಡು ವರ್ಷ, ಇನ್ನೂ ಹೂ ಬಂದಿಲ್ಲ. ಮಾರುವಾಗ ಪ್ರತಿ ಕುಂಡದ ಜೊತೆ ಒಂದು ಚೀಟಿ ಕೊಡ್ತೀನಿ. ಅದರಲ್ಲಿ ಬರೆದಿರುವುದು ನೀರು ಯಾವಾಗ ನಿಲ್ಲಿಸಬೇಕು ಅನ್ನೋದು ಮಾತ್ರ.