ಮೂರನೆಯ ತಪ್ಪಿನ ಶಿಕ್ಷೆ

ಒಮ್ಮೆ ಕದ್ದವನಿಗೂ ಮೂರು ಸಾರಿ ಕದ್ದವನಿಗೂ ಒಂದೇ ಶಿಕ್ಷೆ ವಿಧಿಸುವದು ನ್ಯಾಯವೋ? ಅಲ್ಲವೆಂದು ನಮ್ಮ ಊರುಗಳ ಹಿರಿಯರೂ ಹೇಳುವರು. ಆದರೆ ಶಿಕ್ಷೆಯನ್ನು ಎಷ್ಟು ಹೆಚ್ಚಿಸಬೇಕೆಂಬಲ್ಲಿಯೇ ತೊಡಕುಂಟು. ಅಮೇರಿಕಾ ದೇಶದ ಕಾಲಿಫೋರ್ನಿಯಾ ಸಂಸ್ಥಾನದಲ್ಲಿ ನಡೆದ ಸಂಗತಿಯಿಂದ ಇದನ್ನು ವಿಚಾರಿಸೋಣ.

1993ರಲ್ಲಿ ಅಲ್ಲಿ 12 ವರುಷದ ಬಾಲಿಕೆಯೊಬ್ಬಳನ್ನು ಒಬ್ಬನು ಮನೆಯೊಳಗಿಂದಲೇ ಅಪಹರಿಸಿ ಕೊಂದನು. ಅವನು ಹಿಂದೆಯೂ ಅಂಥ ದುಷ್ಕೃತ್ಯಕ್ಕಾಗಿ ಸೆರೆಯಲ್ಲಿದ್ದು ಹೊರಗೆ ಬಂದವನಾಗಿದ್ದನು. ಜನರ ಕೋಪವು ಉಕ್ಕಿತು. 1994ರಲ್ಲಿ ಹೊಸ ಕಾಯಿದೆಯುಂಟಾಯಿತು. ಎರಡು ಸಾರಿ ಘೋರಾಪರಾಧಕ್ಕೆ ಶಿಕ್ಷೆ ಹೊಂದಿದವನು ಮೂರನೆಯ ಸಾರಿ ಸಿಕ್ಕಿಬಿದ್ದರೆ ಜೀವಾವಧಿ ಸೆರೆ. 25 ವರುಷ ತುಂಬುವ ಮೊದಲು ಬಿಡುಗಡೆಯ ಮಾತೇ ಇಲ್ಲ. ಮೂರನೆಯದು ಘೋರವಾದದ್ದೇ ಆಗಿರಬೇಕೆಂಬ ನಿಬಂಧನೆ ಇರಲಿಲ್ಲ. ಹಿಂದೆ ಕಳವಿಗೆ ಶಿಕ್ಷೆಯಾದವನಾದರೆ ಅಂಗಡಿಯ ಚಿಲ್ಲರೆ ಕಳವೂ ಸಾಕಾಗುತ್ತಿತ್ತು.

ಇದರ ಫಲವನ್ನು ನೋಡಿರಿ. ಹಿಂದೆ ಮನೆಗಳಿಗೆ ನುಗ್ಗಿ ಕದ್ದು ಶಿಕ್ಷೆ ಹೊಂದಿದ್ದ ಒಬ್ಬನು 1995ರಲ್ಲಿ ಎರಡು ಅಂಗಡಿಗಳಿಂದ ಒಟ್ಟು ಒಂಭತ್ತು ವಿಡಿಯೋ ಟೇಪುಗಳನ್ನು ಕದ್ದನು. ಬೆಲೆ ಸುಮಾರು 150 ಡಾಲರು. ಎರಡು ಕಳವುಗಳೆಂದು ಎಣಿಸಿ, 25ಕ್ಕೆ 25 ಕೂಡಿಸಿ, 50 ವರುಷಗಳ ತನಕ ಬಿಡುಗಡೆಯಿಲ್ಲವೆಂದು ತೀರ್ಪಾಯಿತು. ಆಗ ಅವನಿಗೆ 37 ವರುಷ. 2003ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ನ್ಯಾಯಾಧಿಪತಿಗಳಲ್ಲಿ ಐವರು ಈ ಶಿಕ್ಷೆ ನಿಲ್ಲಲೆಂದರು, ನಾಲ್ವರು ಕೂಡದೆಂದರು.

ಮಗಳನ್ನು ಕಳಕೊಂಡ ಮನೆಯವರ ದುಃಖವನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೂ ಕೊಲೆಗಾರನಿಗಾಗಿ ಹೆಣೆದ ಬಲೆಯಲ್ಲಿ ಟೇಪು ಕದ್ದವನು ಸಿಕ್ಕಿದ್ದು ನ್ಯಾಯವೆಂದು ನನಗೆ ತೋರುವದಿಲ್ಲ. ಆ ಸಂಸ್ಥಾನದ ಜನರಿಗೂ ಕಡೆಗೆ ಹಾಗೆಯೇ ತೋರಿತು. 2012ರಲ್ಲಿ ಅವರೇ ಓಟು ಹಾಕಿ, ಕೆಲವು ಸಂದರ್ಭಗಳ ಹೊರತು ಮೂರನೆಯ ತಪ್ಪೂ ಘೋರವಾಗಿರಬೇಕೆಂದು ಕಾಯಿದೆಯನ್ನು ತಿದ್ದಿದರು.

ಇದು ದೂರದ ಮಾತೆಂದು ಓದುವದನ್ನು ನಿಲ್ಲಿಸಬೇಡಿರಿ. ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸೊತ್ತನ್ನು ಕದ್ದು ಮೊದಲನೆಯ ಸಾರಿ ಅಪರಾಧಿಯಾದವನು ಅದನ್ನು ಹಿಂದಕ್ಕೆ ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ. ಆದರೆ ಎರಡನೆಯ ಸಾರಿಗೆ ಒಂದು ವರುಷಕ್ಕೆ ಕಡಿಮೆಯಿಲ್ಲದ, ಐದು ವರುಷದ ತನಕದ ಕಠಿಣ ಸೆರೆಯೂ ದಂಡವೂ ಉಂಟು. ಕೋರ್ಟಿಗೆ ಅಲೆದು ಬೇಸತ್ತು, ಕದಿಯದಿದ್ದರೂ "ಒಪ್ಪಿಕೊಂಡು ಮನೆಗೆ ಹೋಗೋಣ" ಅನ್ನುವ ಬಡವರುಂಟು. ಹಾಗೆ ಒಪ್ಪಿ ಹೊಂದಿದ ಶಿಕ್ಷೆಯೂ ಮೊದಲನೆಯದೆಂದೇ ಲೆಕ್ಕಕ್ಕೆ ಬರುವದು. ಒಪ್ಪುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿರಿ. ಬಡವರಿಗೆ ಖರ್ಚಿಲ್ಲದೆ ವಕೀಲರನ್ನು ನೇಮಿಸಿ ಕೊಡುವರು.